ಅಂಚೆಯಲ್ಲಿ ಬಂದ ಲಿನಕ್ಸ್, ಓಗೊಡದ ಮೋಡೆಂ

ಹುಣಸೂರಿನ ಸೈಬರ್ ಕೆಫೆಯಲ್ಲಿ ಕುಳಿತು ವಿಳಾಸ ತುಂಬಿ ಆರು ವಾರವಾಗಿತ್ತು. ಪೋಸ್ಟ್‌ಮ್ಯಾನ್ ಲಕೋಟೆ ಕೊಟ್ಟಾಗಲೇ ಅದು ನೆನಪಾದದ್ದು. ಒಳಗೆ ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಸಿಡಿ ಇತ್ತು. ಆಗ ಕೇಳಿದವರಿಗೆ ಅಂಚೆ ವೆಚ್ಚವನ್ನೂ ಪಡೆಯದೆ ಮನೆಗೇ ಕಳಿಸುತ್ತಿದ್ದರು. ವೈರಸ್ ಹತ್ತಿ ನನ್ನ ಹಳೆಯ ಕಂಪ್ಯೂಟರ್ ದಿನಕ್ಕೆರಡು ಸಲ ನಿಂತುಹೋಗುತ್ತಿತ್ತು. ಅಂದೇ ರಾತ್ರಿ ವಿಂಡೋಸ್ ಅಳಿಸಿ ಉಬುಂಟು ಹಾಕಿದೆ. ಎಲ್ಲವೂ ಚೆನ್ನಾಗಿತ್ತು, ಇಂಟರ್‌ನೆಟ್ ಒಂದನ್ನು ಬಿಟ್ಟು.

ನಮ್ಮೂರಿಗೆ ಬ್ರಾಡ್‌ಬ್ಯಾಂಡ್ ಇನ್ನೂ ಬಂದಿರಲಿಲ್ಲ. ಹೊಗೆಸೊಪ್ಪಿನ ಹರಾಜಿನ ಬೆಲೆ ವಿಚಾರಿಸಲೆಂದು ಅಪ್ಪ ಹಾಕಿಸಿದ ಲ್ಯಾಂಡ್‌ಲೈನೇ ಗತಿ. ಬ್ಯಾಂಕೊಂದರ ಕ್ಲರ್ಕ್ ಹುದ್ದೆಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬೇಕಿತ್ತು, ಕೊನೆಯ ದಿನಕ್ಕೆ ಒಂಬತ್ತು ದಿನ ಉಳಿದಿತ್ತು. ನಾನು ಪೇಟೆಗೆ ಹೋದ ಹೊತ್ತಿಗೆ ಕೆಫೆಯಲ್ಲಿ ಕರೆಂಟ್ ಇರುತ್ತಿರಲಿಲ್ಲ. ಕರೆಂಟ್ ಇರುವ ಹೊತ್ತಿನಲ್ಲಿ ನನಗೆ ಕಾಲೇಜು.

‘ಲಿನಕ್ಸ್ ಅಂದ್ರೆ ಹಿಂಗೇ, ವಾಪಸ್ ವಿಂಡೋಸ್ ಹಾಕ್ಕೊ’ ಎಂದರು ಗೆಳೆಯರು. ನಾನೂ ಹೆಚ್ಚುಕಡಿಮೆ ಒಪ್ಪಿದ್ದೆ. ಆದರೆ ಕೆಫೆಯಲ್ಲಿ ಸಿಕ್ಕ ಅರ್ಧ ಗಂಟೆಯಲ್ಲಿ ಓದಿದಾಗ ತಿಳಿಯಿತು, ಕೊರತೆ ಇದ್ದದ್ದು ಮೋಡೆಂನಲ್ಲಿ. ಕಂಪ್ಯೂಟರಿನ ಅಂಕಿಗಳನ್ನು ಫೋನ್ ಲೈನಿನಲ್ಲಿ ಸಾಗುವ ಶಬ್ದವಾಗಿಸಿ, ಬಂದ ಶಬ್ದವನ್ನು ಮತ್ತೆ ಅಂಕಿಯಾಗಿಸುವುದು ಮೋಡೆಂ ಕೆಲಸ. ಅಗ್ಗದ ಒಳಗಿನ ಕಾರ್ಡ್‌ಗಳಲ್ಲಿ ಈ ಕೆಲಸ ಮಾಡುವ ಚಿಪ್ಪೇ ಇರುವುದಿಲ್ಲ. ಕೆಲಸವನ್ನೆಲ್ಲ ವಿಂಡೋಸ್‌ಗೆಂದೇ ಬರೆದ ಸಾಫ್ಟ್‌ವೇರ್ ಮಾಡುತ್ತದೆ. ಅದಕ್ಕೇ ಅವನ್ನು ‘ವಿನ್‌ಮೋಡೆಂ’ ಎನ್ನುತ್ತಾರೆ. ನನ್ನ ಬಳಿ ಇದ್ದದ್ದು ಅರ್ಧ ಮೋಡೆಂ.

ಮೈಸೂರಿಗೆ ಹೋಗಿ ಹಳೆಯ ಸಾಮಾನಿನ ಅಂಗಡಿಯಲ್ಲಿ ನಾನೂರು ರೂಪಾಯಿಗೆ ಹೊರಗಿಡುವ ಸೀರಿಯಲ್ ಮೋಡೆಂ ತಂದೆ. ಇದರಲ್ಲಿ ಸ್ವಂತ ಚಿಪ್ ಇರುವುದರಿಂದ ಯಾವ ಆಪರೇಟಿಂಗ್ ಸಿಸ್ಟಂ ಆದರೂ ಸರಿ. ವಿಂಡೋಸ್‌ನಲ್ಲಿ ‘ಕಾಮ್ 1’ ಎನ್ನುವ ಪೋರ್ಟ್‌ಗೆ ಲಿನಕ್ಸ್‌ನಲ್ಲಿ ‘ಟಿಟಿವೈಎಸ್ 0’ ಎಂದು ಹೆಸರು. ‘ಡಬ್ಲ್ಯುವಿಡಯಲ್’ ಎಂಬ ಪುಟ್ಟ ಪ್ರೋಗ್ರಾಂ ಒಂದೊಂದೇ ಪೋರ್ಟ್‌ಗೆ ‘ಎಟಿ’ ಎಂಬ ಎರಡಕ್ಷರ ಕಳಿಸಿ ನೋಡುತ್ತದೆ. 1981ರಲ್ಲಿ ಹೇಯ್ಸ್ ಕಂಪನಿಯ ಮೋಡೆಂ ಜೊತೆ ಬಂದ ಆಜ್ಞೆ ಇದು, ‘ಗಮನಿಸು’ ಎಂದರ್ಥ. ನನ್ನ ಮೋಡೆಂ ‘ಓಕೆ’ ಎಂದಿತು! ಆ ಎರಡಕ್ಷರ ಕಂಡಾಗ ಆದ ಖುಷಿ ಅಷ್ಟಿಷ್ಟಲ್ಲ.

ಮುಂದಿನದು ಸುಲಭವಾಗಿರಲಿಲ್ಲ. ಪ್ರೋಗ್ರಾಂ ತಾನೇ ಬರೆದಿಟ್ಟ ಫೈಲಿನಲ್ಲಿ ಫೋನ್ ನಂಬರ್, ಯೂಸರ್‌ನೇಮ್, ಪಾಸ್‌ವರ್ಡ್ ತುಂಬಬೇಕು. ಬಿಎಸ್‌ಎನ್‌ಎಲ್‌ನ 172233 ಸೇರಿದಂತೆ ಮೂರನ್ನೂ ತುಂಬಿದೆ, ಡಯಲ್ ಆಗಲಿಲ್ಲ. ಒಂದು ಸಂಜೆ ಪೂರ್ತಿ ಹೋದ ಮೇಲೆ ನೋಡಿದರೆ ಆ ಮೂರೂ ಸಾಲುಗಳ ಮೊದಲಲ್ಲಿ ಅರ್ಧವಿರಾಮದ ಚಿಹ್ನೆ ಇತ್ತು. ಅದು ಇದ್ದರೆ ‘ಈ ಸಾಲು ಓದಬೇಡ’ ಎಂದು ಅರ್ಥವಂತೆ. ಮೂರು ಚುಕ್ಕಿಗಾಗಿ ಒಂದು ಸಂಜೆ!

ಅದನ್ನು ಅಳಿಸಿದರೆ ‘ನೋ ಡಯಲ್‌ಟೋನ್’ ಎಂದು ಬಂತು. ರಿಸೀವರ್ ಎತ್ತಿದರೆ ಟೋನ್ ಸ್ಪಷ್ಟವಾಗಿ ಕೇಳುತ್ತಿತ್ತು. ಅಮೆರಿಕದ ಡಯಲ್‌ಟೋನ್ 350 ಮತ್ತು 440 ಹರ್ಟ್ಸ್‌ನ ಎರಡು ಸ್ವರಗಳು ಸೇರಿದ್ದು. ನಮ್ಮದು 25 ಹರ್ಟ್ಸ್‌ನಲ್ಲಿ ಕಂಪಿಸುವ 400 ಹರ್ಟ್ಸ್ ಸ್ವರ. ನಮ್ಮ ಟೋನನ್ನು ಈ ಮೋಡೆಂ ಗುರುತಿಸುತ್ತಿರಲಿಲ್ಲ. ‘ಎಕ್ಸ್ 3’ ಎಂಬ ಆಜ್ಞೆ ಸೇರಿಸಿದರೆ ಟೋನ್‌ಗೆ ಕಾಯದೆ ಡಯಲ್ ಮಾಡುತ್ತದೆ. ಸೇರಿಸಿದೆ. ಕೀಚಲು ಸದ್ದು, ಗೊರಗೊರ, ಆಮೇಲೆ ‘ಕನೆಕ್ಟ್ 31200’.

ಮೋಡೆಂನ ಪೂರ್ತಿ ವೇಗ ಸೆಕೆಂಡಿಗೆ 56 ಕಿಲೋಬಿಟ್. ಅದು ಸಿಕ್ಕಿದರೂ ಒಂದು ಎಂ.ಬಿ. ಫೈಲ್ ಇಳಿಯಲು ಎರಡೂವರೆ ನಿಮಿಷ ಬೇಕು. ನನಗೆ ಸಿಕ್ಕಿದ್ದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅರ್ಜಿಯ ಪುಟ ನಿಧಾನವಾಗಿ ಬಿಚ್ಚಿಕೊಳ್ಳುತ್ತಿದ್ದಾಗ ಅಪ್ಪ ಹಿಂದೆ ಬಂದು ನಿಂತರು. ‘ಯಾರಾದ್ರೂ ಫೋನ್ ಮಾಡುದ್ರೆ ಎಂಗೇಜ್ ಬತ್ತದೆ ಕಣ್ಲಾ, ಬೇಗ ಮುಗಿಸು’ ಅಂದರು. ‘ಇನ್ನು ಹತ್ತು ನಿಮಿಷ ಅಪ್ಪ’ ಅಂದೆ. ನಲವತ್ತು ನಿಮಿಷವಾಯಿತು. ಅಪ್ಪ ಮತ್ತೆ ಕೇಳಲಿಲ್ಲ. ಕೊನೆಯ ದಿನಕ್ಕೆ ಇನ್ನೆರಡು ದಿನ ಇರುವಾಗ ನನ್ನ ಅರ್ಜಿಯ ನಂಬರ್ ಪರದೆ ಮೇಲೆ ಬಂತು. ಅಪ್ಪನೇ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು.

ಸುದ್ದಿ ಗೆಳೆಯರಿಗೆ ಹರಡಿತು. ಪಿರಿಯಾಪಟ್ಟಣದವನಿಗೆ ‘ಒಳಗಿನ ಕಾರ್ಡ್ ತಗೋಬೇಡ, ಹೊರಗಿನದ್ದೇ ತಗೋ’ ಎಂದೆ. ಕೆ.ಆರ್.ನಗರದವನ ಕಾರ್ಡ್‌ನಲ್ಲಿ ಲೂಸೆಂಟ್ ಚಿಪ್ ಇತ್ತು. ಆ ಚಿಪ್‌ಗೆ ಲಿನಕ್ಸ್ ಡ್ರೈವರ್ ಇತ್ತು. ಆದರೆ ನೆಟ್ ಬೇಕಾದರೆ ಡ್ರೈವರ್ ಬೇಕು, ಡ್ರೈವರ್ ಬೇಕಾದರೆ ನೆಟ್ ಬೇಕು! ಕೆಫೆಯಿಂದ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದೆವು. ಎಚ್.ಡಿ.ಕೋಟೆಯ ಗೆಳೆಯನ ಊರಲ್ಲಿ ಲ್ಯಾಂಡ್‌ಲೈನೇ ಇಲ್ಲ. ಅವನ ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ, ಅದೇ ಫೈಲಿನಲ್ಲಿ ಪೋರ್ಟ್ ಬದಲಿಸಿ, ಫೋನ್ ನಂಬರ್ ಜಾಗದಲ್ಲಿ ‘ಸ್ಟಾರ್ 99 ಹ್ಯಾಶ್’ ಬರೆದು ಜಿಪಿಆರ್‌ಎಸ್ ಹಿಡಿದೆವು. ಅಲ್ಲೂ ಅದೇ ‘ಎಟಿ’, ಅದೇ ‘ಓಕೆ’.

ಬ್ಯಾಂಕ್ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ಕಂಪ್ಯೂಟರ್ ಕೆಟ್ಟರೆ ಈಗ ‘ಫಾರ್ಮ್ಯಾಟ್ ಮಾಡ್ಸು’ ಎನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ. ಎಲ್ಲಿಯವರೆಗೆ ಸರಿಯಿದೆ, ಎಲ್ಲಿಂದ ಕೆಟ್ಟಿದೆ ಎಂದು ಮೊದಲು ಹುಡುಕುತ್ತೇನೆ. ಮೊನ್ನೆ ಅಪ್ಪನ ಪಂಪ್‌ಸೆಟ್ ಸ್ಟಾರ್ಟರ್ ಕೆಟ್ಟಾಗಲೂ ಹಾಗೇ ಮಾಡಿದೆ. ಸಡಿಲವಾಗಿದ್ದದ್ದು ಒಂದು ವೈರ್ ಅಷ್ಟೆ.