ಮರಳಿನ ಕಡಲಲ್ಲಿ ಲಾರಿ

ಕೆಲವು ವರ್ಷಗಳ ಹಿಂದೆ ತಲಕಾಡಿನಲ್ಲಿ ನಮ್ಮ ಚಿತ್ರೀಕರಣದ ವ್ಯಾನು ಮರಳಿನಲ್ಲಿ ಹೂತುಕೊಂಡಿತು. ಹೊಳೆಯ ದಂಡೆಗೆ ಇನ್ನೊಂದಿಪ್ಪತ್ತು ಮಾರು ಹತ್ತಿರ ಹೋದರೆ ಕ್ಯಾಮೆರಾ ಹೊರುವ ಕೆಲಸ ತಪ್ಪುತ್ತದೆಂದು ಒತ್ತಾಯ ಮಾಡಿದವನು ನಾನೇ. ಚಾಲಕರು ಆಕ್ಸಿಲರೇಟರ್ ತುಳಿದಷ್ಟೂ ಹಿಂದಿನ ಚಕ್ರಗಳು ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡವು. ದಡದಲ್ಲಿ ಎಮ್ಮೆ ತೊಳೆಯುತ್ತಿದ್ದ ಹಿರಿಯರೊಬ್ಬರು ಬಂದು ನೋಡಿ, "ಗಾಳಿ ಇಳಿಸಿ ಸ್ವಾಮಿ, ಇಂಜಿನ್ ಕೂಗಿಸಿದ್ರೆ ಮರಳು ಹೆದರ್ತದಾ?" ಎಂದರು. ಟೈರಿನ ಗಾಳಿ ಇಳಿಸಿ, ಚಕ್ರದ ಮುಂದೆ ತೆಂಗಿನ ಗರಿ ಹಾಸಿ, ಆರು ಜನ ತಳ್ಳಿದ ಮೇಲೆ ವ್ಯಾನು ಮೇಲೆದ್ದಿತು. ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವನು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೆನೋ! ಅಂದು ಅದು ನೆನಪಿಗೆ ಬರಲಿಲ್ಲ.

ಮರುಭೂಮಿಯ ವಾಹನಗಳನ್ನು ಕುರಿತ ಮಾತುಕತೆಯನ್ನು ಈ ಸರಣಿಗೆ ಸೇರಿಸಿದ್ದಕ್ಕೆ ಆ ದಿನವೂ ಒಂದು ಕಾರಣ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈಜಿಪ್ಟಿನ ಪಶ್ಚಿಮಕ್ಕೆ, ಲಿಬಿಯದ ಒಳಗೂ ಚಾಚಿಕೊಂಡು, ಸುಮಾರು 72 ಸಾವಿರ ಚದರ ಕಿಲೋಮೀಟರ್ ವಿಸ್ತಾರದ ಮರಳು ಪ್ರದೇಶವಿದೆ. ಕರ್ನಾಟಕದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಎಂದರೆ ಅಂದಾಜು ಸಿಕ್ಕೀತು. ಅದರ ಹೆಸರೇ 'ಮಹಾ ಮರಳ ಕಡಲು'. ಉತ್ತರದಿಂದ ದಕ್ಷಿಣಕ್ಕೆ ಸಾಲುಸಾಲಾಗಿ ಮರಳ ದಿಬ್ಬಗಳು. ಕೆಲವು ನೂರು ಮೀಟರ್ ಎತ್ತರ. ವರ್ಷಗಟ್ಟಲೆ ಮಳೆಯಿಲ್ಲ. ಸಾಲುಗಳ ನಡುವೆ ಬಾವಿಯಿಲ್ಲ, ಹುಲ್ಲಿಲ್ಲ, ಆದ್ದರಿಂದ ಒಂಟೆಗಳ ಸಾರ್ಥವೂ ಅದನ್ನು ಬಳಸಿಕೊಂಡೇ ಹೋಗುತ್ತಿತ್ತು. ಮೋಟಾರು ಅದನ್ನು ದಾಟುವುದು ಅಸಾಧ್ಯವೆಂದೇ 1920ರ ದಶಕದ ಬಹುಪಾಲು ಜನ ನಂಬಿದ್ದರು.

ನಂಬದವರಲ್ಲಿ ರಾಲ್ಫ್ ಬ್ಯಾಗ್ನಾಲ್ಡ್ ಒಬ್ಬರು. 1896ರಲ್ಲಿ ಹುಟ್ಟಿದ ಈ ಬ್ರಿಟಿಷ್ ಸೇನಾ ಇಂಜಿನಿಯರು ಈಜಿಪ್ಟಿನಲ್ಲಿ ಕೆಲಸಕ್ಕಿದ್ದಾಗ, ರಜೆಯಲ್ಲಿ, ಸ್ವಂತ ಖರ್ಚಿನಲ್ಲಿ, ಗೆಳೆಯರ ಜೊತೆ ಮರಳಿಗೆ ಇಳಿಯುತ್ತಿದ್ದರು. 1929, 1930 ಮತ್ತು 1932ರಲ್ಲಿ ಅವರು ಮಾಡಿದ ದೊಡ್ಡ ಪ್ರಯಾಣಗಳಿಗೆ ಬಳಸಿದ್ದು ಸಾಧಾರಣ ಫೋರ್ಡ್ ಗಾಡಿಗಳನ್ನು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಏರ್ಪಾಡು ಅವಕ್ಕಿರಲಿಲ್ಲ. ಹಿಂದಿನ ಎರಡು ಚಕ್ರ ಮಾತ್ರ ತಳ್ಳುತ್ತಿದ್ದವು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ಯಾಗ್ನಾಲ್ಡ್ ಸೇನಾಪತಿ ವೇವೆಲ್ ಅವರ ಅನುಮತಿ ಪಡೆದು, ಆರೇ ವಾರದಲ್ಲಿ ಮರುಭೂಮಿಯೊಳಗೆ ದೂರ ಸಂಚರಿಸುವ ಒಂದು ಪಡೆ ಕಟ್ಟಿದರು. ಅದೇ ಮುಂದೆ 'ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್' ಎನಿಸಿತು. ಅದರ ಮೊದಲ ಲಾರಿಗಳು ಒಂದೂವರೆ ಟನ್ನಿನ ಷೆವರ್ಲೆಗಳು. ಅವೂ ಎರಡು ಚಕ್ರ ತಳ್ಳುವ ಗಾಡಿಗಳೇ. 1941ರಲ್ಲಿ ನಾಲ್ಕು ಚಕ್ರ ತಳ್ಳುವ ಫೋರ್ಡ್ ಲಾರಿಗಳು ಬಂದವು. ಭಾರ ಹೆಚ್ಚು, ಪೆಟ್ರೋಲು ಕುಡಿಯುವುದೂ ಹೆಚ್ಚು ಎಂದು 1942ರಲ್ಲಿ ಪಡೆ ಮತ್ತೆ ಎರಡು ಚಕ್ರದ ಷೆವರ್ಲೆಗಳಿಗೇ ಮರಳಿತು. ಯುದ್ಧದ ಕಥೆ ನಮ್ಮ ವಿಷಯವಲ್ಲ. ಲಾರಿಯನ್ನು ಅವರು ಹೇಗೆ ಸಜ್ಜುಗೊಳಿಸಿದರು ಎಂಬುದಷ್ಟೇ ನಮಗೆ ಬೇಕು.

ಸಜ್ಜುಗೊಳಿಸುವುದೆಂದರೆ ಏನನ್ನಾದರೂ ಜೋಡಿಸುವುದು ಎಂದು ನಾವು ತಿಳಿಯುತ್ತೇವೆ. ಅವರು ಮೊದಲು ಮಾಡಿದ್ದು ಕಳಚುವ ಕೆಲಸ. ಬಾಗಿಲು ಹೋಯಿತು, ಚಾಲಕನ ತಲೆಯ ಮೇಲಿನ ಮಾಡು ಹೋಯಿತು, ಮುಂಗಾಜು ಹೋಯಿತು. ಗಾಜು ಬಿಸಿಲಿಗೆ ಮಿಂಚಿ ದೂರದ ವಿಮಾನಕ್ಕೆ ಗುರುತು ಕೊಡುತ್ತದೆ ಎಂಬುದು ಒಂದು ಮಾತು; ಉಳಿದಂತೆ, ಹೀಗೆ ಇಳಿಸಿದ ಒಂದೊಂದು ಕಿಲೋ ತೂಕದ ಜಾಗಕ್ಕೂ ಒಂದು ಕಿಲೋ ನೀರೋ ಪೆಟ್ರೋಲೋ ಏರಿತು. ಸ್ಪ್ರಿಂಗುಗಳಿಗೆ ಹೆಚ್ಚಿನ ಪಟ್ಟಿಗಳನ್ನು ಸೇರಿಸಿದರು. ಪೆಟ್ರೋಲು ಮತ್ತು ನೀರು ಹೊರುವ ಡಬ್ಬಿಗಳು ಮಾತ್ರ ಬಹಳ ಕಾಲ ತಲೆನೋವಾಗಿದ್ದವು. ಬ್ರಿಟಿಷರ ತೆಳು ತಗಡಿನ ನಾಲ್ಕು ಗ್ಯಾಲನ್ ಡಬ್ಬಿಗಳು ಕುಲುಕಾಟಕ್ಕೆ ಬೆಸುಗೆ ಬಿಟ್ಟು ಸೋರುತ್ತಿದ್ದವು. ಜರ್ಮನರಿಂದ ವಶಪಡಿಸಿಕೊಂಡ ಗಟ್ಟಿ ಉಕ್ಕಿನ 20 ಲೀಟರ್ ಡಬ್ಬಿಗೆ ಅಲ್ಲಿ ಇದ್ದ ಮರ್ಯಾದೆ ಹೇಳತೀರದು. 'ಜೆರ್ರಿಕ್ಯಾನ್' ಎಂದು ಇಂದು ನಾವು ಕರೆಯುವುದು ಅದನ್ನೇ. 'ಜೆರ್ರಿ' ಎಂದರೆ ಬ್ರಿಟಿಷ್ ಸೈನಿಕರ ಬಾಯಲ್ಲಿ ಜರ್ಮನ್.

ಇನ್ನು ಟೈರಿನ ವಿಷಯ. ಸ್ಟುಡಿಯೋದಲ್ಲಿ ತಟ್ಟೆಯ ಮರಳಿನ ಮೇಲೆ ಇಟ್ಟಿಗೆಯನ್ನು ಒಮ್ಮೆ ಅಂಚಿನ ಮೇಲೆ ನಿಲ್ಲಿಸಿ, ಇನ್ನೊಮ್ಮೆ ಅಡ್ಡ ಮಲಗಿಸಿ ತೋರಿಸಿದ್ದು ನಿಮಗೆ ನೆನಪಿರಬಹುದು. ಟೈರಿನಲ್ಲಿ ನಡೆಯುವುದೂ ಅದೇ. ಒಳಗಿನ ಗಾಳಿಯ ಒತ್ತಡ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ ಒತ್ತಡವನ್ನು ಟೈರು ನೆಲದ ಮೇಲೆ ಹಾಕುತ್ತದೆ. ಮೂರು ಟನ್ ತೂಗುವ ಒಂದು ಲಾರಿಯನ್ನು ತೆಗೆದುಕೊಳ್ಳಿ. ಲೆಕ್ಕದ ಅನುಕೂಲಕ್ಕೆ ಪ್ರತಿ ಚಕ್ರದ ಮೇಲೆ 750 ಕಿಲೋ ಎನ್ನೋಣ. ಪಂಕ್ಚರ್ ಅಂಗಡಿಯವರು 35 ಪೌಂಡು ಎನ್ನುವ ಗಾಳಿ ಒಂದು ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋ ಒತ್ತಡಕ್ಕೆ ಸಮ. ಆಗ ನೆಲವನ್ನು ಮುಟ್ಟುವ ಟೈರಿನ ಜಾಗ 300 ಚದರ ಸೆಂಟಿಮೀಟರ್. ಗಾಳಿಯನ್ನು 14 ಪೌಂಡಿಗೆ, ಎಂದರೆ ಒಂದು ಕಿಲೋ ಒತ್ತಡಕ್ಕೆ, ಇಳಿಸಿದರೆ ಆ ಜಾಗ 750 ಚದರ ಸೆಂಟಿಮೀಟರ್ ಆಗುತ್ತದೆ. ಟೈರು ಅಗಲವಾಗುವುದಕ್ಕಿಂತ ಉದ್ದಕ್ಕೆ ಮಲಗುತ್ತದೆ. ಹೀಗೆ ಉದ್ದವಾದ ಹೆಜ್ಜೆ ಮರಳನ್ನು ಅಗೆಯದೆ ತುಳಿದುಕೊಂಡು ಹೋಗುತ್ತದೆ. ಒಂಟೆಯ ಮೆತ್ತನೆಯ ಅಗಲ ಪಾದಕ್ಕೂ ಇದೇ ಗುಣ.

ಆದರೆ ಗಾಳಿ ಇಳಿಸಿದ ಟೈರಿನಲ್ಲಿ ಒಮ್ಮೆಲೇ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಗಟ್ಟಿ ನೆಲದಲ್ಲಿ ವೇಗವಾಗಿ ಓಡಿಸಿದರೆ ಟೈರಿನ ಪಕ್ಕಗಳು ಮಡಚಿ ಮಡಚಿ ಕಾದು ಹರಿಯುತ್ತವೆ. ಆದ್ದರಿಂದ ಮರಳಿಗೆ ಹೋಗುವವನಿಗೆ ಗಾಳಿ ಬಿಡುವುದಷ್ಟೇ ಗೊತ್ತಿದ್ದರೆ ಸಾಲದು, ತುಂಬುವ ಪಂಪೂ ಜೊತೆಗಿರಬೇಕು.

ಎಷ್ಟು ಎಚ್ಚರವಿದ್ದರೂ ಗಾಡಿ ಹೂಳುತ್ತದೆ. ಅದಕ್ಕೆ ಬ್ಯಾಗ್ನಾಲ್ಡ್ ಅವರ ಉಪಾಯ ಸಿಕ್ಕಿದ್ದು ಕೈರೋದ ಗುಜರಿ ಅಂಗಡಿಯಲ್ಲಿ. ಮೊದಲ ಮಹಾಯುದ್ಧದಲ್ಲಿ ನೆಲಮಾಳಿಗೆಗಳ ಮಾಡಿಗೆಂದು ತಯಾರಾಗಿದ್ದ ಉಕ್ಕಿನ ದೋಣಿಯಂಥ ಪಟ್ಟಿಗಳು ಅಲ್ಲಿ ಬಿದ್ದಿದ್ದವು. ಹಿಂದಿನ ಚಕ್ರದ ಮುಂದೆ ಮರಳನ್ನು ಕೈಯಿಂದ ಬಗೆದು ಅವನ್ನು ತೂರಿಸಿದರೆ ಚಕ್ರಕ್ಕೆ ಹಿಡಿತ ಸಿಗುತ್ತದೆ. ಲಾರಿ ಹೊರಬಂದ ಮೇಲೆ ಚಾಲಕ ನಿಲ್ಲಿಸುವಂತಿಲ್ಲ. ಗಟ್ಟಿ ನೆಲ ಸಿಗುವವರೆಗೆ ಓಡಿಸಲೇಬೇಕು. ಉಳಿದವರು ಸುಡುವ ಪಟ್ಟಿಗಳನ್ನು ಹೊತ್ತುಕೊಂಡು ಹಿಂದೆ ಓಡಬೇಕು. ಒಂದೇ ದಿನ ಹತ್ತಾರು ಸಲ ಹೀಗೆ ಮಾಡಬೇಕಾಗುತ್ತಿತ್ತು. ನಮ್ಮ ತೆಂಗಿನ ಗರಿ ಹಗುರ, ನಿಜ, ಆದರೆ ಮೂರು ಟನ್ ಲಾರಿಗೆ ಅದು ಯಾವ ಮೂಲೆಗೆ?

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಒಂದು ನೀರಿನ ಡಬ್ಬಿ. ಮೆತ್ತನೆಯ ಮರಳಿನಲ್ಲಿ ಗಾಡಿ ಕೆಳಗಿನ ಗೇರಿನಲ್ಲಿ ತೆವಳುತ್ತದೆ. ಇಂಜಿನ್ನು ಜೋರಾಗಿ ತಿರುಗುತ್ತದೆ, ಆದರೆ ಗಾಡಿಯ ವೇಗ ಕಡಿಮೆಯಾದ್ದರಿಂದ ರೇಡಿಯೇಟರಿಗೆ ಗಾಳಿ ಸಾಲದು. ಗಾಳಿ ಹಿಂದಿನಿಂದ ಬೀಸುತ್ತಿದ್ದರಂತೂ ಮುಗಿಯಿತು, ನೀರು ಕುದಿಯುತ್ತದೆ. ಕುದಿದ ಆವಿ ಹೆಚ್ಚುವರಿ ನಳಿಗೆಯ ಮೂಲಕ ಹೊರಗೆ ಹೋಗಿ ಗಾಳಿಗೆ ಸೇರುತ್ತದೆ. ಊರಿನಲ್ಲಾದರೆ ಚಾಲಕ ಹೋಟೆಲಿನಿಂದ ಒಂದು ಕೊಡ ನೀರು ತಂದು ಸುರಿಯುತ್ತಾನೆ. ಅಲ್ಲಿ ರೇಡಿಯೇಟರ್ ಕುಡಿಯುವ ನೀರೂ ಮನುಷ್ಯ ಕುಡಿಯುವ ನೀರೂ ಒಂದೇ ಡಬ್ಬಿಯದು.

ಮೊದಲ ಮಹಾಯುದ್ಧದ ಕಾಲದಲ್ಲೇ ಈ ಮರುಭೂಮಿಯಲ್ಲಿ ಓಡಾಡಿದ ಸೇನೆಯ ಕಾರುಗಳಲ್ಲಿ ಇದಕ್ಕೊಂದು ಪರಿಹಾರವಿತ್ತು. ಬ್ಯಾಗ್ನಾಲ್ಡ್ ಗುಂಪು ಅದನ್ನು ತಿದ್ದಿ ಬಳಸಿತು. ಆವಿ ಹೊರಹೋಗುವ ನಳಿಗೆಗೆ ರಬ್ಬರ್ ಕೊಳವೆ ಜೋಡಿಸಿ, ಅದರ ತುದಿಯನ್ನು ಅರ್ಧ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿದರು. ರೇಡಿಯೇಟರಿನ ಬೇರೆಲ್ಲ ಬಾಯಿಗಳೂ ಭದ್ರ. ಆವಿ ಡಬ್ಬಿಯ ತಣ್ಣೀರಿನಲ್ಲಿ ಗುಳುಗುಳು ಎಂದು ಬಂದು ಮತ್ತೆ ನೀರಾಗುತ್ತದೆ. ಒಂದು ಗ್ರಾಂ ಆವಿ ನೀರಾಗುವಾಗ ಸುಮಾರು 540 ಕ್ಯಾಲೊರಿ ಗುಪ್ತೋಷ್ಣ ಬಿಡುತ್ತದೆ ಎಂದು ನೀವು ಓದಿದ್ದೀರಿ. ಆ ಶಾಖಕ್ಕೆ ಡಬ್ಬಿಯ ನೀರೂ ಕೊನೆಗೆ ಕುದಿಯತೊಡಗುತ್ತದೆ. ಚಾಲಕನಿಗೆ ಅದೇ ಸೂಚನೆ. ಅವನು ಲಾರಿಯ ಮೂತಿಯನ್ನು ಗಾಳಿಗೆದುರಾಗಿ ತಿರುಗಿಸಿ ನಿಲ್ಲಿಸುತ್ತಾನೆ. ಒಂದೆರಡು ನಿಮಿಷದಲ್ಲಿ ರೇಡಿಯೇಟರ್ ತಣಿಯುತ್ತದೆ, ಒಳಗಿನ ಆವಿ ನೀರಾಗಿ ನಿರ್ವಾತ ಉಂಟಾಗುತ್ತದೆ. ಆಗ ಹೊರಗಿನ ವಾಯುಭಾರ ಡಬ್ಬಿಯ ನೀರನ್ನು ಅದೇ ಕೊಳವೆಯ ಮೂಲಕ ರೇಡಿಯೇಟರಿಗೆ ಹಿಂದಕ್ಕೆ ತಳ್ಳುತ್ತದೆ. ಪಂಪಿಲ್ಲ, ವಾಲ್ವಿಲ್ಲ. ನಿಮ್ಮ ಪರಿಚಯದವರ ಕಾರಿನ ಬಾನೆಟ್ ಎತ್ತಿದರೆ ರೇಡಿಯೇಟರಿನ ಪಕ್ಕ ಒಂದು ಪ್ಲಾಸ್ಟಿಕ್ ಡಬ್ಬಿ ಕಂಡೀತು. ತಣಿಯುವಾಗ ನೀರನ್ನು ಹಿಂದಕ್ಕೆಳೆದುಕೊಳ್ಳುವ ತತ್ವ ಅಲ್ಲೂ ಉಂಟು. ಇಂಜಿನ್ ಬಿಸಿಯಿದ್ದಾಗ ಮುಚ್ಚಳ ಮಾತ್ರ ಮುಟ್ಟಬೇಡಿ.

ದಿಕ್ಕಿನ ಪ್ರಶ್ನೆಗೆ ಬರೋಣ. ಲಾರಿಯೇ ಉಕ್ಕಿನ ರಾಶಿ. ಅದರೊಳಗೆ ಕಾಂತದ ದಿಕ್ಸೂಚಿ ಸರಿಯಾಗಿ ತೋರಿಸದು. ಪ್ರತಿ ಸಲವೂ ಲಾರಿ ನಿಲ್ಲಿಸಿ, ಇಳಿದು, ದೂರ ನಡೆದು ನೋಡಬೇಕು. ಬ್ಯಾಗ್ನಾಲ್ಡ್ ಬಳಸಿದ್ದು ಸೂರ್ಯ ದಿಕ್ಸೂಚಿ: 360 ಭಾಗ ಗುರುತಿಸಿದ ಬಿಳಿಯ ತಟ್ಟೆ, ನಡುವೆ ಹೆಣಿಗೆ ಕಡ್ಡಿಯಂಥ ಸಲಾಕೆ. ಆ ದಿನ, ಆ ಹೊತ್ತಿಗೆ ಸೂರ್ಯ ಯಾವ ದಿಕ್ಕಿನಲ್ಲಿರುತ್ತಾನೆಂದು ಮೊದಲೇ ಕೋಷ್ಟಕ ಮಾಡಿಕೊಂಡು ತಟ್ಟೆಯನ್ನು ಆಗಾಗ ತಿರುಗಿಸುತ್ತಿದ್ದರೆ, ಚಾಲಕ ಸಲಾಕೆಯ ನೆರಳನ್ನು ಒಂದು ಗೆರೆಯ ಮೇಲೆ ಇಟ್ಟುಕೊಂಡು ಓಡಿಸಿದರಾಯಿತು. ಒಂದು ತೊಡಕಿದೆ. ಆ ಪ್ರದೇಶ ಕರ್ಕಾಟಕ ಸಂಕ್ರಾಂತಿ ವೃತ್ತದ ಸಮೀಪದ್ದು. ಜೂನ್ ತಿಂಗಳ ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲೇ ಬರುವುದರಿಂದ ಸಲಾಕೆಗೆ ನೆರಳೇ ಬೀಳುವುದಿಲ್ಲ. ಪಡೆ ಆಗ ನಿಂತು ಲಾರಿಯ ಅಡಿ ಮಲಗುತ್ತಿತ್ತು. ರಾತ್ರಿ ಥಿಯೊಡೊಲೈಟಿನಿಂದ ನಕ್ಷತ್ರ ನೋಡಿ ಸ್ಥಳ ಗುರುತಿಸುತ್ತಿದ್ದರು. ಅದಕ್ಕೆ ಸರಿಯಾದ ಸಮಯ ಬೇಕು. ರೇಡಿಯೋ ಸಂಕೇತದಿಂದ ಗಡಿಯಾರ ಹೊಂದಿಸುತ್ತಿದ್ದರು. ನಾಲ್ಕು ಸೆಕೆಂಡು ತಪ್ಪಿದರೆ ರೇಖಾಂಶದಲ್ಲಿ ಒಂದೂವರೆ ಕಿಲೋಮೀಟರಿಗೂ ಹೆಚ್ಚು ತಪ್ಪುತ್ತದೆ. ಏಕೆಂದು ನೀವೇ ಲೆಕ್ಕ ಹಾಕಿ.

ನಡುಹಗಲು ಚಾಲಕನಿಗೂ ಕೆಟ್ಟ ಹೊತ್ತೇ. ನೆರಳಿಲ್ಲದಾಗ ಮರಳಿನ ಏರಿಳಿತ ಕಣ್ಣಿಗೆ ಕಾಣುವುದಿಲ್ಲ. ದಿಬ್ಬದ ಗಾಳಿ ಬೀಸುವ ಪಕ್ಕ ಇಳಿಜಾರು ಕಡಿಮೆ, ಗಾಳಿಯೇ ಅದನ್ನು ಒತ್ತಾಗಿ ಕೂಡಿಸಿರುತ್ತದೆ. ಅಲ್ಲಿ ವೇಗವಾಗಿ ಹತ್ತಬಹುದು. ಮರೆಯ ಪಕ್ಕ ಮರಳು ಸುರಿದು ನಿಂತದ್ದು, ಸುಮಾರು 33 ಡಿಗ್ರಿ ಇಳಿಜಾರು, ಬಲು ಮೆತ್ತಗೆ. ಎರಡೂ ಸೇರುವ ನೆತ್ತಿ ಕೆಲವೆಡೆ ಕತ್ತಿಯ ಅಂಚಿನ ಹಾಗಿರುತ್ತದೆ. ಹತ್ತಲು ವೇಗ ಬೇಕು, ನೆತ್ತಿಯಲ್ಲಿ ಅದೇ ವೇಗ ಇರಬಾರದು. 1942ರ ಸೆಪ್ಟೆಂಬರಿನಲ್ಲಿ ಬಾರ್ಸೆ ಎಂಬಲ್ಲಿಗೆ ಹೊರಟ ತಂಡವೊಂದರ ಜೀಪು ಇಂಥ ನೆತ್ತಿಯಲ್ಲಿ ಮಗುಚಿ, ತಂಡದ ನಾಯಕನೂ ಇನ್ನೊಬ್ಬನೂ ಬೆನ್ನುಮೂಳೆಗೆ ಪೆಟ್ಟು ತಿಂದರು. ಅವರೇನೂ ಹೊಸಬರಾಗಿರಲಿಲ್ಲ.

ಲಾರಿಯೇ ಇಲ್ಲವಾದರೆ? 1941ರ ಜನವರಿ 31ರಂದು ಜೆಬೆಲ್ ಶೆರಿಫ್ ಬಳಿ ಇಟಲಿಯ ಪಡೆಯ ದಾಳಿಯಲ್ಲಿ ಕೆಲವು ಲಾರಿಗಳು ಸುಟ್ಟುಹೋದವು. ನ್ಯೂಜಿಲೆಂಡಿನ ಮೂರ್ ಎಂಬ ಸೈನಿಕ ಮತ್ತು ಇನ್ನೂ ಮೂವರು ಅಲ್ಲೇ ಉಳಿದರು. ಮೂರ್ ಕಾಲಿಗೆ ಗಾಯವಾಗಿತ್ತು. ಅವರ ಕೈಗೆ ಸಿಕ್ಕಿದ್ದು ಸುಮಾರು ಎಂಟು ಲೀಟರ್ ನೀರಿದ್ದ ಒಂದು ಡಬ್ಬಿ. ಶರಣಾಗುವ ಬದಲು ಅವರು ತಮ್ಮ ಲಾರಿಗಳ ಗಾಲಿಗುರುತನ್ನೇ ಹಿಡಿದು ದಕ್ಷಿಣಕ್ಕೆ ನಡೆದರು. ಹತ್ತನೆಯ ದಿನ ಮೂರ್ ಪತ್ತೆಯಾದಾಗ ಮುನ್ನೂರು ಕಿಲೋಮೀಟರಿಗೂ ಹೆಚ್ಚು ನಡೆದಿದ್ದರು, ಇನ್ನೂ ನಡೆಯುತ್ತಿದ್ದರು. ನಾಲ್ವರಲ್ಲಿ ಒಬ್ಬರು, ಸಿಕ್ಕಿದ ಮೇಲೆ, ತೀರಿಕೊಂಡರು. ಉಪಗ್ರಹದಿಂದ ಸ್ಥಳ ತಿಳಿಸುವ ಉಪಕರಣ ಕೈಯಲ್ಲಿರುವ ಇಂದು ಕೂಡ ಅನುಭವಸ್ಥರು ಒಂಟಿ ವಾಹನದಲ್ಲಿ ಮರುಭೂಮಿಗೆ ಇಳಿಯದಿರುವುದು ಇದಕ್ಕೇ. ಕಡೇಪಕ್ಷ ಎರಡು ಗಾಡಿ, ಕುಡಿಯುವ ನೀರು ಒಂದೇ ಗಾಡಿಯಲ್ಲಿರದಂತೆ ಹಂಚಿಕೆ.

ಬ್ಯಾಗ್ನಾಲ್ಡ್ ಸೇನೆಯಿಂದ ನಿವೃತ್ತರಾಗಿದ್ದ 1930ರ ದಶಕದಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಗಾಳಿಸುರಂಗ ಕಟ್ಟಿ, ಗಾಳಿಗೆ ಮರಳಿನ ಕಣ ಹೇಗೆ ಜಿಗಿಯುತ್ತದೆ, ದಿಬ್ಬ ಹೇಗೆ ಬೆಳೆಯುತ್ತದೆ ಎಂದು ಅಳೆದರು. ಅದರ ಪುಸ್ತಕ 1941ರಲ್ಲಿ, ಅವರು ಯುದ್ಧದಲ್ಲಿದ್ದಾಗಲೇ, ಪ್ರಕಟವಾಯಿತು. 1944ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1990ರಲ್ಲಿ ಅವರು ತೀರಿಕೊಂಡರು. ಮಂಗಳ ಗ್ರಹದ ಒಂದು ಮರಳ ದಿಬ್ಬಗಳ ಸಾಲಿಗೆ ಈಗ ಅವರ ಹೆಸರಿದೆ.

ಅಲ್ಲಿಯೂ ಮರಳಿನದೇ ತೊಂದರೆ. 2004ರಲ್ಲಿ ಮಂಗಳದ ಮೇಲಿಳಿದ 'ಸ್ಪಿರಿಟ್' ಎಂಬ ಆರು ಚಕ್ರದ ವಾಹನ 2009ರ ಮೇ ತಿಂಗಳಲ್ಲಿ ಗಟ್ಟಿ ಪದರದಂತೆ ಕಂಡ ನೆಲದ ಕೆಳಗಿನ ಮೆತ್ತನೆಯ ಮರಳಿಗೆ ಕುಸಿಯಿತು. ಅದರ ಒಂದು ಚಕ್ರ ಮೊದಲೇ ಕೆಟ್ಟಿತ್ತು. ಭೂಮಿಯ ಪ್ರಯೋಗಾಲಯದಲ್ಲಿ ಇಂಜಿನಿಯರುಗಳು ತೊಟ್ಟಿಯಲ್ಲಿ ಅಂಥದೇ ಮಣ್ಣು ತುಂಬಿ, ಅಂಥದೇ ವಾಹನವನ್ನು ಹೂತು, ಬಿಡಿಸುವ ದಾರಿ ಹುಡುಕಿದರು. ಸ್ಪಿರಿಟ್ ಹೊರಬರಲಿಲ್ಲ. 2010ರ ಮಾರ್ಚ್ 22ರ ನಂತರ ಅದರಿಂದ ಸಂಕೇತ ಬರಲಿಲ್ಲ. 2014ರ ಫೆಬ್ರವರಿಯಲ್ಲಿ 'ಕ್ಯೂರಿಯಾಸಿಟಿ' ವಾಹನ ಒಂದು ದಿಬ್ಬ ದಾಟಬೇಕಾಗಿ ಬಂದಾಗ, ಅದನ್ನು ನಡೆಸುವವರು ಮುಂಚಿತವಾಗಿ ಮರಳನ್ನು ಪರೀಕ್ಷಿಸಿ, ಚಿತ್ರಗಳನ್ನು ನೋಡಿ, ಎಷ್ಟೋ ದಿನ ಯೋಚಿಸಿದರು. ದಿಬ್ಬದ ಎತ್ತರ ಸುಮಾರು ಒಂದು ಮೀಟರ್.