‘ಇಂಪ್ರೂವ್’: ಲಾಭದಿಂದ ಲೇಸಿಗೆ

ಅಂಕಪಟ್ಟಿಯ ಕೆಳಗೆ ಉಪಾಧ್ಯಾಯರು ಬರೆಯುವ ‘ಮಸ್ಟ್ ಇಂಪ್ರೂವ್’ ಎಂಬ ಮಾತನ್ನು ಕಾಣದ ವಿದ್ಯಾರ್ಥಿಗಳು ವಿರಳ. ಉತ್ತಮಗೊಳ್ಳಬೇಕು ಎಂಬ ಅದರ ಅರ್ಥವನ್ನು ನಾವೆಲ್ಲರೂ ಬಲ್ಲೆವು. ಆದರೆ ಈ ಕ್ರಿಯಾಪದವು ಬೆಳೆದುದು ಪಾಠಶಾಲೆಯಲ್ಲಲ್ಲ, ಇಂಗ್ಲೆಂಡಿನ ಜಮೀನುದಾರರ ನೆಲದಲ್ಲಿ.

ನಾರ್ಮನರ ಫ್ರೆಂಚ್ ನುಡಿಯಲ್ಲಿ ‘ಪ್ರೂ’ ಎಂದರೆ ಲಾಭ. ಅದರಿಂದ ಬಂದ ‘ಇಂಪ್ರೂವ್’ಗೆ ಲಾಭಕ್ಕೆ ತಿರುಗಿಸು ಎಂಬುದೇ ಮೊದಲ ಅರ್ಥ. ಬೀಳುನೆಲಕ್ಕೆ ಬೇಲಿ ಹಾಕಿ, ಸಾಗುವಳಿ ಮಾಡಿ, ಆದಾಯವನ್ನು ಹೆಚ್ಚಿಸುವುದಕ್ಕೆ ಈ ಮಾತು ಸಲ್ಲುತ್ತಿತ್ತು. ಒಡೆಯನಿಗೆ ಅದು ಲಾಭವೇ ಸರಿ. ಆದರೆ ಅದೇ ನೆಲದಲ್ಲಿ ದನ ಮೇಯಿಸುತ್ತಿದ್ದ ಬಡವರಿಗೆ ನಷ್ಟ. 17ನೆಯ ಶತಮಾನದಲ್ಲಿ ‘ಉತ್ತಮಗೊಳಿಸು’ ಎಂಬ ಅರ್ಥವು ಬಲಗೊಂಡಿತು. 1649ರಲ್ಲಿ ವಾಲ್ಟರ್ ಬ್ಲೈತನು ಬೇಸಾಯವನ್ನು ಕುರಿತ ತನ್ನ ಗ್ರಂಥಕ್ಕೆ ‘ದಿ ಇಂಗ್ಲಿಷ್ ಇಂಪ್ರೂವರ್’ ಎಂದು ಹೆಸರಿಟ್ಟನು. ಲಂಡನ್ನಿನ ರಾಯಲ್ ಸೊಸೈಟಿಗೆ 1663ರ ಸನ್ನದು ಕೊಟ್ಟ ಪೂರ್ಣನಾಮದಲ್ಲಿ, ಪ್ರಕೃತಿಜ್ಞಾನವನ್ನು ‘ಇಂಪ್ರೂವ್’ ಮಾಡುವುದೇ ಅದರ ಉದ್ದೇಶವೆಂದು ಹೇಳಿದೆ. ಹೀಗೆ ಹೊಲದ ಮಾತು ವಿಜ್ಞಾನದ ಮನೆಯನ್ನು ಸೇರಿತು.

ಇನ್ನು ಬಳಕೆಯನ್ನು ನೋಡೋಣ. ನಮ್ಮ ‘ಸುಧಾರಿಸು’ವಿನಂತೆ ಇದೂ ಸಕರ್ಮಕವಾಗಿಯೂ ಅಕರ್ಮಕವಾಗಿಯೂ ನಡೆಯುತ್ತದೆ: ವೈದ್ಯನು ರೋಗಿಯ ಸ್ಥಿತಿಯನ್ನು ಸುಧಾರಿಸುತ್ತಾನೆ, ಸ್ಥಿತಿಯು ತಾನಾಗಿಯೂ ಸುಧಾರಿಸುತ್ತದೆ. ಆದರೆ ‘ಇಂಪ್ರೂವ್ ಆನ್’ ಎಂದಾಗ ಅರ್ಥ ಬೇರೆ. ಮೊದಲಿದ್ದುದಕ್ಕಿಂತ ಮೇಲಾದುದನ್ನು ಸಾಧಿಸುವುದು ಎಂದು ಅದರ ಭಾವ.

ಉದಾಹರಣೆಗೆ, 1712ರ ನ್ಯೂಕಮನನ ಉಗಿಯಂತ್ರವನ್ನು ತೆಗೆದುಕೊಳ್ಳೋಣ. ಅದರಲ್ಲಿ ಉಗಿಯನ್ನು ನೀರಾಗಿಸಲು ಸಿಲಿಂಡರಿನೊಳಕ್ಕೇ ತಣ್ಣೀರನ್ನು ಚಿಮುಕಿಸುತ್ತಿದ್ದರು. ಪ್ರತಿ ಸಲವೂ ಸಿಲಿಂಡರು ತಣ್ಣಗಾಗಿ, ಮತ್ತೆ ಕಾಯಬೇಕಾಗುತ್ತಿದ್ದುದರಿಂದ ಕಲ್ಲಿದ್ದಲು ವ್ಯರ್ಥವಾಗುತ್ತಿತ್ತು. ಜೇಮ್ಸ್ ವಾಟನು ಉಗಿಯನ್ನು ತಣಿಸಲು ಪ್ರತ್ಯೇಕ ಪಾತ್ರೆಯನ್ನು ಜೋಡಿಸಿ, ಸಿಲಿಂಡರು ಸದಾ ಬಿಸಿಯಾಗಿರುವಂತೆ ಮಾಡಿದನು. 1769ರಲ್ಲಿ ಇದಕ್ಕೆ ಪೇಟೆಂಟನ್ನು ಪಡೆದನು. ನ್ಯೂಕಮನನ ಯಂತ್ರದ ಮೇಲೆ ವಾಟನು ‘ಇಂಪ್ರೂವ್’ ಮಾಡಿದನೆಂದು ಹೇಳುವಾಗ, ಯಾವುದಕ್ಕಿಂತ ಮೇಲು, ಯಾವುದರಲ್ಲಿ ಮೇಲು ಎಂಬೆರಡೂ ಸ್ಪಷ್ಟವಾಗಿವೆ.

ಸಾಬೂನಿನ ಹೊದಿಕೆಯ ಮೇಲೆ ‘ಇಂಪ್ರೂವ್ಡ್’ ಎಂದಷ್ಟೇ ಅಚ್ಚಾಗಿದ್ದರೆ ಈ ಸ್ಪಷ್ಟತೆ ಇರುವುದಿಲ್ಲ. ಯಾವುದಕ್ಕಿಂತ? ಯಾವುದರಲ್ಲಿ? ಎಷ್ಟು? ಬೇಲಿಯ ಹೊರಗುಳಿದ ಬಡವರನ್ನು ನೆನೆದರೆ ನಾಲ್ಕನೆಯ ಪ್ರಶ್ನೆಯೂ ಏಳುತ್ತದೆ: ಯಾರಿಗೆ? ಅಂಕಪಟ್ಟಿಯನ್ನು ಹಿಡಿದ ವಿದ್ಯಾರ್ಥಿಯೂ ಇವನ್ನು ಕೇಳಿಕೊಳ್ಳಲಿ. ಕಳೆದ ಪರೀಕ್ಷೆಯಲ್ಲಿ ತಪ್ಪಿದ ಲೆಕ್ಕಗಳೆಷ್ಟು, ಈ ಸಲ ಸರಿಯಾದುವೆಷ್ಟು ಎಂದು ಎಣಿಸಿ ನೋಡಿದಾಗ, ಉಪಾಧ್ಯಾಯರ ಆ ಮಾತು ಬರಿಯ ಗದರಿಕೆಯಾಗಿ ಉಳಿಯದೆ ಅಳತೆಗೋಲಾಗುತ್ತದೆ.