ಓವರ್‌ಟೈಮ್ ಕೂಲಿಯ ಬದಲು ತಿಂಗಳ ಸಂಬಳ: ಮಾಲೀಕರು ಹೀಗೆ ಬದಲಿಸಬಹುದೇ?

ಮೂಡಿಗೆರೆ: ದೇವರಮನೆಯ ಬೆಟ್ಟಸಾಲಿಗೆ ವಾರಾಂತ್ಯದಲ್ಲಿ ಬರುವ ಪ್ರವಾಸಿಗರಿಗೆ ಮಂಜು, ಹುಲ್ಲುಗಾವಲು ಮತ್ತು ಕಾಲಭೈರವೇಶ್ವರನ ಗುಡಿ ಕಾಣುತ್ತವೆ. ಈ ಸೀಮೆಯ ಕಾಫಿ ತೋಟಗಳಲ್ಲಿ ಕೊಯ್ಲಿನ ತಿಂಗಳುಗಳಲ್ಲಿ ನಡೆಯುವ ದುಡಿಮೆ ಮಾತ್ರ ಅವರ ಕಣ್ಣಿಗೆ ಬೀಳುವುದಿಲ್ಲ. ಹಗಲೆಲ್ಲ ಕೊಯ್ದ ಹಣ್ಣು ಸಂಜೆ ತೂಕಕ್ಕೆ ಬರುತ್ತದೆ. ಹಣ್ಣನ್ನು ರಾಶಿಯಲ್ಲಿಯೇ ಬಿಟ್ಟರೆ ಹುಳಿತು ಬೀಜದ ಗುಣ ಕೆಡುವುದರಿಂದ ಸಾಮಾನ್ಯವಾಗಿ ಅಂದೇ ಪಲ್ಪರ್ ಯಂತ್ರಕ್ಕೆ ಹಾಕಬೇಕಾಗುತ್ತದೆ. ಹೀಗಾಗಿ ಕೊಯ್ಲುಗಾರರು ಲೈನ್ ಮನೆಗಳಿಗೆ ಮರಳಿದ ಮೇಲೂ ಯಂತ್ರದ ಬಳಿ, ಕಣದಲ್ಲಿ, ಲಾರಿಯ ಹತ್ತಿರ ಕೆಲವರ ಕೆಲಸ ಮುಂದುವರಿಯುತ್ತದೆ.

ಹೀಗೆ ಹೆಚ್ಚುವರಿಯಾಗಿ ದುಡಿದವರಿಗೆ ವಾರದ ಬಟವಾಡೆಯಲ್ಲಿ ಓವರ್‌ಟೈಮ್ ಕೂಲಿ ಸೇರುವುದು ಕ್ರಮ. "ಇನ್ನು ಮೇಲೆ ಗಂಟೆಯ ಲೆಕ್ಕ ಬೇಡ, ತಿಂಗಳಿಗೆ ಇಂತಿಷ್ಟು ಸಂಬಳ" ಎಂದು ಮಾಲೀಕರು ಹೇಳಿದರೆ ಅದು ಕಾನೂನಿಗೆ ಸಮ್ಮತವೇ? ತೋಟದ ಯಂತ್ರಚಾಲಕರು, ಕಾವಲುಗಾರರು, ಚಾಲಕರು ಮಾತ್ರವಲ್ಲ, ನಗರದ ಕಾರ್ಖಾನೆ ಮತ್ತು ಅಂಗಡಿಗಳ ನೌಕರರೂ ಕೇಳುವ ಪ್ರಶ್ನೆಯಿದು.

ಸಂಕ್ಷಿಪ್ತ ಉತ್ತರ ಇಷ್ಟು: ಕೂಲಿ ಕೊಡುವ ರೀತಿಯನ್ನು ಮಾಲೀಕರು ಕ್ರಮಬದ್ಧವಾಗಿ ಬದಲಿಸಬಹುದು. ಆದರೆ ಕಾರ್ಮಿಕನಿಗೆ ಕಾನೂನು ಕೊಟ್ಟಿರುವ ಹೆಚ್ಚುವರಿ ಅವಧಿಯ ವೇತನವನ್ನು ಆ ಬದಲಾವಣೆಯ ಮೂಲಕ ಇಲ್ಲವಾಗಿಸಲು ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ?

ದೀರ್ಘಕಾಲ ಕಾಫಿ ತೋಟಗಳಿಗೆ ಅನ್ವಯವಾಗುತ್ತಿದ್ದುದು 1951ರ ತೋಟ ಕಾರ್ಮಿಕರ ಕಾಯ್ದೆ. 1981ರ ತಿದ್ದುಪಡಿಯ ಬಳಿಕ ಅದರಂತೆ ವಯಸ್ಕ ಕಾರ್ಮಿಕನ ವಾರದ ದುಡಿಮೆ 48 ಗಂಟೆ. ಅದಕ್ಕಿಂತ ಹೆಚ್ಚು ದುಡಿಸಿಕೊಂಡರೆ ಸಾಮಾನ್ಯ ದರದ ಇಮ್ಮಡಿ ಕೂಲಿ ಕೊಡಬೇಕಿತ್ತು. ಹಾಗೆ ದುಡಿಸಿಕೊಳ್ಳುವುದಕ್ಕೂ ದಿನಕ್ಕೆ 9 ಗಂಟೆ, ವಾರಕ್ಕೆ 54 ಗಂಟೆ ಎಂಬ ಮಿತಿಯಿತ್ತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಈ ಕಾಯ್ದೆಯೂ ಸೇರಿದಂತೆ ಹಲವು ಹಳೆಯ ಕಾಯ್ದೆಗಳ ಸ್ಥಾನವನ್ನು ಪಡೆದವು. ವೃತ್ತಿ ಸುರಕ್ಷತೆಯ ಸಂಹಿತೆಯಂತೆ ಸಾಮಾನ್ಯ ದುಡಿಮೆ ದಿನಕ್ಕೆ 8 ಗಂಟೆ ಮೀರುವಂತಿಲ್ಲ. ಅದಕ್ಕಿಂತ ಹೆಚ್ಚಿನ ಅವಧಿಗೆ ಇಮ್ಮಡಿ ದರ ಸಲ್ಲಬೇಕು. ಓವರ್‌ಟೈಮ್‌ಗೆ ಕಾರ್ಮಿಕನ ಒಪ್ಪಿಗೆಯೂ ಬೇಕು. ಕಾಫಿ ತೋಟವು ಈ ಸಂಹಿತೆಯ ವ್ಯಾಪ್ತಿಗೆ ಬರಬೇಕಾದರೆ ಅದು 5 ಹೆಕ್ಟೇರ್, ಅಂದರೆ ಸುಮಾರು ಹನ್ನೆರಡೂವರೆ ಎಕರೆ ಅಥವಾ ಅದಕ್ಕಿಂತ ಹೆಚ್ಚಿರಬೇಕು. 10 ಅಥವಾ ಹೆಚ್ಚು ಕಾರ್ಮಿಕರು ಇರಬೇಕು.

ಮಲೆನಾಡಿನ ಹೆಚ್ಚಿನ ಕಾಫಿ ಹಿಡುವಳಿಗಳು ಸಣ್ಣವು. ಅಂಥ ತೋಟಗಳಲ್ಲಿ ದುಡಿಯುವವರಿಗೆ ವೇತನ ಸಂಹಿತೆಯು ಮುಖ್ಯವಾಗುತ್ತದೆ. ಕನಿಷ್ಠ ವೇತನವು ಗಂಟೆಯ ಲೆಕ್ಕದಲ್ಲಿ, ದಿನದ ಲೆಕ್ಕದಲ್ಲಿ ಅಥವಾ ಅದಕ್ಕಿಂತ ದೀರ್ಘ ಅವಧಿಯ ಲೆಕ್ಕದಲ್ಲಿ ನಿಗದಿಯಾಗಿದ್ದರೂ, ಸಾಮಾನ್ಯ ದುಡಿಮೆಯ ಅವಧಿ ಮೀರಿದ ಪ್ರತಿ ಗಂಟೆಗೂ ಇಮ್ಮಡಿಗಿಂತ ಕಡಿಮೆಯಲ್ಲದ ದರ ಕೊಡಬೇಕೆಂದು ಅದು ಹೇಳುತ್ತದೆ. ಎಂದರೆ, ತಿಂಗಳ ಸಂಬಳ ಪಡೆಯುವುದರಿಂದಲೇ ಓವರ್‌ಟೈಮ್ ಹಕ್ಕು ಹೋಗುವುದಿಲ್ಲ. ಪ್ರವಾಸಿಗರನ್ನು ನೆಚ್ಚಿದ ಹೋಂಸ್ಟೇ, ಹೋಟೆಲುಗಳ ನೌಕರರಿಗೆ, ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅನ್ವಯವಾಗುವ ಕಡೆಗಳಲ್ಲಿ, ಆ ಕಾಯ್ದೆಯೂ ಇಮ್ಮಡಿ ದರವನ್ನೇ ವಿಧಿಸುತ್ತದೆ.

ಲೆಕ್ಕ ಹಾಕಿ ನೋಡಿದರೆ

ಒಂದು ಕಾಲ್ಪನಿಕ ಉದಾಹರಣೆ. ಪಲ್ಪರ್ ಯಂತ್ರದ ಕೆಲಸಗಾರನೊಬ್ಬನಿಗೆ 8 ಗಂಟೆಯ ದುಡಿಮೆಗೆ ದಿನಗೂಲಿ 520 ರೂ. ಎಂದಿಟ್ಟುಕೊಳ್ಳೋಣ. ಗಂಟೆಗೆ 65 ರೂ. ಆಯಿತು, ಇಮ್ಮಡಿಯೆಂದರೆ 130 ರೂ. ತಿಂಗಳಲ್ಲಿ 26 ದಿನ, ದಿನಕ್ಕೆ ಒಂದು ಗಂಟೆ ಹೆಚ್ಚು ದುಡಿದರೆ ಕೂಲಿ 13,520 ರೂ., ಓವರ್‌ಟೈಮ್ 3,380 ರೂ., ಒಟ್ಟು 16,900 ರೂ.

ಈಗ ಮಾಲೀಕರು 15,600 ರೂ. ತಿಂಗಳ ಸಂಬಳ ಗೊತ್ತುಮಾಡಿ ಓವರ್‌ಟೈಮ್ ನಿಲ್ಲಿಸಿದರು ಎನ್ನೋಣ. ಮೂಲ ಕೂಲಿಗಿಂತ 2,080 ರೂ. ಹೆಚ್ಚಾದಂತೆ ಕಾಣುತ್ತದೆ. ವಾಸ್ತವದಲ್ಲಿ ಕೈಗೆ ಬರುವುದು 1,300 ರೂ. ಕಡಿಮೆ. ಇಷ್ಟಕ್ಕೇ ಮುಗಿಯುವುದಿಲ್ಲ. 26 ದಿನಗಳ ಲೆಕ್ಕದಲ್ಲಿ ಹೊಸ ಸಂಬಳದ ದಿನದ ದರ 600 ರೂ., ಗಂಟೆಗೆ 75 ರೂ., ಇಮ್ಮಡಿ 150 ರೂ. ಅದೇ 26 ಗಂಟೆಗಳಿಗೆ 3,900 ರೂ. ಪ್ರತ್ಯೇಕವಾಗಿ ಸಲ್ಲಬೇಕು. ಇಮ್ಮಡಿಯ ಲೆಕ್ಕ ಕನಿಷ್ಠ ವೇತನದ ಮೇಲಲ್ಲ, ಕಾರ್ಮಿಕನು ನಿಜವಾಗಿ ಪಡೆಯುವ ವೇತನದ ಮೇಲೆ ಎಂಬ ನಿಲುವನ್ನು ಹಳೆಯ ಕನಿಷ್ಠ ವೇತನ ಕಾಯ್ದೆಯ ಅಡಿಯಲ್ಲಿ ಸುಪ್ರೀಂ ಕೋರ್ಟ್ 1972ರ ಮಾಮರ್ಡೆ ಪ್ರಕರಣದಲ್ಲಿ ತಳೆದಿತ್ತು.

ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ಯುವವರ ವಿಷಯ ಸ್ವಲ್ಪ ಬೇರೆ. ಹೆಚ್ಚು ಕಿಲೋ ಕೊಯ್ದದ್ದಕ್ಕೆ ಸಿಗುವ ಹಣ ಕೊಯ್ದ ಪ್ರಮಾಣಕ್ಕೆ ಸಂದ ಪ್ರತಿಫಲ. ಹೆಚ್ಚುವರಿ ಅವಧಿಯ ವೇತನವು ದುಡಿದ ಗಂಟೆಗೆ ಸಲ್ಲತಕ್ಕದ್ದು. ಇವೆರಡನ್ನು ಒಂದೇ ಎಂದು ತಿಳಿಯಬಾರದು.

ಬದಲಾವಣೆಯ ಕ್ರಮ

ವೇತನ, ಅದನ್ನು ಕೊಡುವ ಅವಧಿ ಮತ್ತು ರೀತಿ, ದುಡಿಮೆಯ ಗಂಟೆಗಳು ಇವೆಲ್ಲ ಸೇವಾ ಷರತ್ತುಗಳು. ಇವನ್ನು ಕಾರ್ಮಿಕರಿಗೆ ಅನನುಕೂಲವಾಗುವಂತೆ ಬದಲಿಸುವ ಮೊದಲು 21 ದಿನಗಳ ನೋಟಿಸು ಕೊಡಬೇಕೆಂಬ ನಿಯಮ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿತ್ತು. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಅದು ಮುಂದುವರಿದಿದೆ. ಕಾರ್ಮಿಕ ಸಂಘದೊಡನೆ ವಿಧಿವತ್ತಾಗಿ ಆದ ಒಪ್ಪಂದದಂತೆ ಬದಲಾವಣೆ ನಡೆದರೆ ಈ ನೋಟಿಸು ಬೇಕಿಲ್ಲ. ಆದರೆ ನೋಟಿಸು ಕೊಟ್ಟ ಮಾತ್ರಕ್ಕೆ ಕಾನೂನಿನ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿಯಲು ಪರವಾನಗಿ ಸಿಗುವುದಿಲ್ಲ.

"ಕಾರ್ಮಿಕನೇ ಸಹಿ ಹಾಕಿದ್ದಾನೆ" ಎಂಬ ಸಮರ್ಥನೆಗೂ ಬಲವಿಲ್ಲ. ಸಂಹಿತೆಯಂತೆ ತನಗೆ ಸಲ್ಲಬೇಕಾದ ವೇತನವನ್ನು ಬಿಟ್ಟುಕೊಡುವ ಕರಾರು ಅಷ್ಟರ ಮಟ್ಟಿಗೆ ಅಸಿಂಧು ಎಂದು ವೇತನ ಸಂಹಿತೆಯು ಸ್ಪಷ್ಟವಾಗಿ ಹೇಳಿದೆ.

ಹುದ್ದೆಯ ಹೆಸರು ಬದಲಾದರೆ?

ಮೇಸ್ತ್ರಿಯನ್ನೋ ರೈಟರನ್ನೋ 'ಮೇಲ್ವಿಚಾರಕ' ಅಥವಾ 'ಮ್ಯಾನೇಜರ್' ಎಂದು ಕರೆದು ಓವರ್‌ಟೈಮ್ ನಿಲ್ಲಿಸುವುದು ಇನ್ನೊಂದು ಮಾರ್ಗ. ಆಡಳಿತಾತ್ಮಕ ಅಥವಾ ವ್ಯವಸ್ಥಾಪಕ ಹೊಣೆಯುಳ್ಳವರು, ಹಾಗೆಯೇ ತಿಂಗಳಿಗೆ 18,000 ರೂ.ಗಿಂತ ಹೆಚ್ಚು ವೇತನವುಳ್ಳ ಮೇಲ್ವಿಚಾರಕರು, ವೃತ್ತಿ ಸುರಕ್ಷತೆಯ ಸಂಹಿತೆಯ 'ಕಾರ್ಮಿಕ' ಪದದ ವ್ಯಾಪ್ತಿಯಿಂದ ಹೊರಗಿದ್ದಾರೆ. ಆದರೆ ಹುದ್ದೆಯ ಹೆಸರಿಗಿಂತ ವಾಸ್ತವವಾಗಿ ಮಾಡುವ ಕೆಲಸವೇ ಮುಖ್ಯವೆಂಬುದು ಸುಪ್ರೀಂ ಕೋರ್ಟ್ ಮೇ ಅಂಡ್ ಬೇಕರ್ ಪ್ರಕರಣದಲ್ಲಿ 1961ರಲ್ಲಿಯೇ ಎತ್ತಿಹಿಡಿದ ತತ್ತ್ವ. ದಿನವಿಡೀ ಚೀಲ ಹೊರುವವನು ಹೆಸರಿನಿಂದ ಮಾತ್ರ ಮ್ಯಾನೇಜರ್ ಆಗಲಾರ.

ಸಂಬಳವೆಂದರೆ ಓವರ್‌ಟೈಮ್ ಇಲ್ಲ ಎಂಬ ಕಲ್ಪನೆಗೆ ಹೆಸರಾಗಿರುವ ಅಮೆರಿಕದಲ್ಲಿಯೂ ಬರಿಯ ಸಂಬಳ ಸಾಲದು. ಅಲ್ಲಿನ 1938ರ ಕಾಯ್ದೆಯಡಿ ಆಡಳಿತ ವರ್ಗದ ನೌಕರನಿಗೆ ವಿನಾಯಿತಿ ಅನ್ವಯಿಸಬೇಕಾದರೆ ಸಾಮಾನ್ಯವಾಗಿ ವಾರಕ್ಕೆ ಕನಿಷ್ಠ 684 ಡಾಲರ್ ಸಂಬಳದ ಜೊತೆಗೆ ಕೆಲಸದ ಸ್ವರೂಪವೂ ಆ ದರ್ಜೆಯದಾಗಿರಬೇಕು.

ಸಂಬಳದಿಂದ ಲಾಭವೇ ಇಲ್ಲವೇ?

ಹಾಗೆನ್ನಲಾಗದು. ಮಳೆಗಾಲದಲ್ಲಿ ಕೆಲಸ ಕಡಿಮೆಯಾದಾಗಲೂ ನಿಶ್ಚಿತ ಆದಾಯವಿರುವುದು ಕುಟುಂಬಕ್ಕೆ ಆಧಾರ. ಓವರ್‌ಟೈಮ್ ಹಣವನ್ನು ಸಂಹಿತೆಯು 'ವೇತನ'ದ ವ್ಯಾಖ್ಯೆಯಿಂದ ಹೊರಗಿಟ್ಟಿರುವುದರಿಂದ ಭವಿಷ್ಯನಿಧಿ, ಗ್ರಾಚ್ಯುಟಿಗಳ ಲೆಕ್ಕಕ್ಕೆ ಅದು ಸಾಮಾನ್ಯವಾಗಿ ಸೇರುವುದಿಲ್ಲ. ಮೂಲ ಸಂಬಳ ಹೆಚ್ಚಿದರೆ ಈ ಸೌಲಭ್ಯಗಳೂ ಹೆಚ್ಚುತ್ತವೆ. ಮಾಲೀಕರಿಗೂ ತಿಂಗಳ ಖರ್ಚಿನ ಅಂದಾಜು ಸುಲಭವಾಗುತ್ತದೆ. ಸಂಬಳವನ್ನೂ ಕೊಟ್ಟು ಹೆಚ್ಚಿನ ಗಂಟೆಗಳ ಲೆಕ್ಕವನ್ನೂ ಇಟ್ಟರೆ ಆಕ್ಷೇಪಕ್ಕೆ ಆಸ್ಪದವಿಲ್ಲ.

ಕಾರ್ಮಿಕರು ಏನು ಮಾಡಬೇಕು?

ಹೊಸ ಷರತ್ತನ್ನು ಬರಹದಲ್ಲಿ ಕೇಳಿ ಪಡೆಯಬೇಕು. ವೇತನ ಚೀಟಿ ಕೊಡುವುದು ಮಾಲೀಕರ ಕರ್ತವ್ಯ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಹಾಜರಿ ಪುಸ್ತಕದಲ್ಲಿ ಏನೇ ಬರೆದಿರಲಿ, ಕೆಲಸ ಆರಂಭಿಸಿದ ಮತ್ತು ಬಿಟ್ಟ ಹೊತ್ತನ್ನು ಪ್ರತಿದಿನ ತಾವೇ ಒಂದು ಪುಸ್ತಕದಲ್ಲಿ ಗುರುತುಹಾಕಿಕೊಳ್ಳುವುದು ಒಳಿತು. ಬಾಕಿ ಉಳಿದರೆ ಕಾರ್ಮಿಕ ಇಲಾಖೆಗೆ ದೂರು ನೀಡಬಹುದು ಅಥವಾ ನಿಯುಕ್ತ ಪ್ರಾಧಿಕಾರದ ಮುಂದೆ 3 ವರ್ಷಗಳೊಳಗೆ ಅರ್ಜಿ ಸಲ್ಲಿಸಬಹುದು. ವೇತನ ಪಾವತಿಯಾಗಿದೆಯೆಂದು ಸಾಬೀತುಪಡಿಸುವ ಹೊಣೆ ಮಾಲೀಕರದು. ಪ್ರಾಧಿಕಾರವು ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸಲೂಬಹುದು.

ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದಲ್ಲಿಯೇ ಬೆಳೆಯುತ್ತದೆ. ಅಸ್ಸಾಂ, ಜಾರ್ಖಂಡ್‌ಗಳಿಂದ ಬಂದು ಇಲ್ಲಿ ದುಡಿಯುವ ಹಲವರಿಗೆ ಕರಾರಿನ ಭಾಷೆಯನ್ನು ಓದಲೂ ಬಾರದು. ತಿಂಗಳ ಕೊನೆಯಲ್ಲಿ ಕೈಗೆ ಬಂದ ಹಣ ದುಡಿದ ಗಂಟೆಗಳಿಗೆ ಸರಿಹೊಂದುತ್ತದೆಯೇ ಎಂದು ತಾಳೆ ನೋಡುವುದು ಅವರಿಗೂ ಸಾಧ್ಯವಾಗಬೇಕು. ಸಂಬಳದ ಪದ್ಧತಿ ಬಂದರೂ ಗಂಟೆಗಳ ಲೆಕ್ಕ ಉಳಿಯಬೇಕಾದುದು ಇದಕ್ಕಾಗಿಯೇ.